ಮೂರೂ ಕಂಪನಿ ಒಂದೇ ವಾರದಲ್ಲಿ ರೇಟ್ ಏರಿಸಿದ್ದು ಹೇಗೆ?

ಪ್ರಶ್ನೆ: ಸರ್, ನಮ್ಮದು ವಿಜಯಪುರ ಜಿಲ್ಲೆಯ ಇಂಡಿ. ಊರಲ್ಲಿ ಸಣ್ಣ ಝೆರಾಕ್ಸ್ ಅಂಗಡಿ, ಹೊರಗೆ ಸ್ವಲ್ಪ ಲಿಂಬೆ ತೋಟ. ಮನೆಯಲ್ಲಿ ಐದು ಸಿಮ್ ಇವೆ. ಅಪ್ಪನವರದು ಕೀಪ್ಯಾಡ್ ಸೆಟ್, ಏರ್‌ಟೆಲ್. ನನ್ನ ಹಳೇ ನಂಬರ್ ವಿಐ. ಹೆಂಡತಿ, ಮಗ ಮತ್ತು ಅಂಗಡಿ ನಂಬರ್ ಜಿಯೋ. ಮಗ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. 2024ರಲ್ಲಿ ಮೂರೂ ಕಂಪನಿ ಒಂದೇ ವಾರದಲ್ಲಿ ರೇಟ್ ಏರಿಸಿದವು. ಇದು ಒಳ ಒಪ್ಪಂದ ಅಲ್ವಾ? ಸರ್ಕಾರ ಯಾಕೆ ಸುಮ್ಮನಿದೆ? ವಿಐ ಮುಚ್ಚಿದರೆ ನನ್ನ ನಂಬರಿನ ಗತಿ ಏನು? ಬಿಎಸ್ಎನ್ಎಲ್‌ಗೆ ಹೋಗಲಾ? ಇನ್ನೊಂದು, ಅಂಗಡಿಗೆ ಕೇಬಲ್‌ನವರ ಇಂಟರ್ನೆಟ್ ಇದೆ. ಅವರು ದೊಡ್ಡ ಕಂಪನಿ ಜೊತೆ ಸೇರಿದ ಮೇಲೆ ತಿಂಗಳಿಗೆ ₹450 ಇದ್ದದ್ದು ₹590 ಆಗಿದೆ. ಊರಿನ ಇನ್ನೊಬ್ಬ ಕೇಬಲ್‌ನವರನ್ನು ಕೇಳಿದರೆ ‘ಆ ಓಣಿ ನಮ್ಮದಲ್ಲ’ ಅಂತಾರೆ. ಏನು ಮಾಡಲಿ?

ಉತ್ತರ: ನೀವು ಕೇಳಿದ್ದರಲ್ಲಿ ಕೊನೆಯ ಮಾತು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ‘ಆ ಓಣಿ ನಮ್ಮದಲ್ಲ’ ಅಂದರಲ್ಲ, ಅದು. ಅಲ್ಲಿಗೆ ಬರುತ್ತೇನೆ, ಮೊದಲು ಮೊಬೈಲ್ ವಿಷಯ ನೋಡೋಣ.

2024ರ ಜೂನ್ 27ಕ್ಕೆ ಜಿಯೋ ಹೊಸ ದರ ಪ್ರಕಟಿಸಿತು. ಮರುದಿನ ಏರ್‌ಟೆಲ್, ಅದೇ ದಿನ ವೊಡಾಫೋನ್ ಐಡಿಯಾ, ಅಂದರೆ ನಿಮ್ಮ ವಿಐ. ಜುಲೈ 3ಕ್ಕೆ ಜಿಯೋ, ಏರ್‌ಟೆಲ್ ದರ ಜಾರಿಗೆ ಬಂತು, 4ಕ್ಕೆ ವಿಐದು. ನೋಡಿದವರಿಗೆ ಯಾರಿಗಾದರೂ ಇವರು ಒಂದೇ ಟೇಬಲ್ಲಿಗೆ ಕೂತು ಚಹಾ ಕುಡಿದು ತೀರ್ಮಾನ ಮಾಡಿದಂತೆ ಕಾಣುತ್ತದೆ. ನಿಮಗೆ ಅನುಮಾನ ಬಂದದ್ದು ತಪ್ಪಲ್ಲ.

ಆದರೆ ಹಾಗೆ ಕೂತು ಮಾತಾಡುವ ಅಗತ್ಯವೇ ಅವರಿಗೆ ಇಲ್ಲ. ನೀವು ಲಿಂಬೆ ಬೆಳೆಯುವವರು, ಆ ಲೆಕ್ಕದಲ್ಲೇ ಹೇಳುತ್ತೇನೆ. ಹರಾಜಿಗೆ ಇಪ್ಪತ್ತು ಜನ ಖರೀದಿದಾರರು ನಿಂತಿದ್ದರೆ ಒಬ್ಬ ಕಡಿಮೆ ಕೇಳಿದರೆ ಇನ್ನೊಬ್ಬ ಎರಡು ರೂಪಾಯಿ ಜಾಸ್ತಿ ಕೂಗಿ ಮಾಲು ಎತ್ತಿಕೊಂಡು ಹೋಗುತ್ತಾನೆ. ಮೂರೇ ಜನ ಇದ್ದರೆ? ಮೊದಲನೆಯವನು ಕೂಗಿದ ರೇಟು ಉಳಿದಿಬ್ಬರ ಕಿವಿಗೂ ಬೀಳುತ್ತದೆ, ಅದಕ್ಕಿಂತ ಮೇಲೆ ಹೋಗಿ ತಮ್ಮ ಕೈಯಾರೆ ತಮ್ಮ ಲಾಭ ಯಾಕೆ ಕಳೆದುಕೊಳ್ಳಲಿ ಅಂತ ಸುಮ್ಮನೆ ತಲೆ ಆಡಿಸುತ್ತಾರೆ. ಮಾತಿಲ್ಲ, ಕಾಗದ ಇಲ್ಲ, ಸಾಕ್ಷಿ ಇಲ್ಲ. ಮೊಬೈಲ್‌ನಲ್ಲಿ ಆಗಿರುವುದೂ ಇದೇ, ಇಲ್ಲಿ ಅವರು ಮಾರುವವರು ಅನ್ನೋದಷ್ಟೇ ವ್ಯತ್ಯಾಸ.

ಕಾನೂನಿನ ಕಣ್ಣಿಗೆ ಮಾತಾಡಿಕೊಂಡು ಏರಿಸುವುದಕ್ಕೂ ಒಬ್ಬರನ್ನೊಬ್ಬರು ನೋಡಿ ಏರಿಸುವುದಕ್ಕೂ ವ್ಯತ್ಯಾಸ ದೊಡ್ಡದು. 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಒಪ್ಪಂದ ಮಾಡಿಕೊಂಡು ದರ ನಿಗದಿ ಮಾಡುವುದು ತಪ್ಪು. ಆದರೆ ಎಲ್ಲರ ರೇಟೂ ಒಂದೇ ಇದೆ ಅನ್ನುವುದೊಂದೇ ಒಪ್ಪಂದಕ್ಕೆ ಸಾಕ್ಷಿ ಆಗುವುದಿಲ್ಲ. ಗ್ಯಾಸ್ ಸಿಲಿಂಡರ್ ತಯಾರಕರ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹೆಚ್ಚುಕಡಿಮೆ ಇದನ್ನೇ ಹೇಳಿತು. ಟೆಂಡರ್‌ನಲ್ಲಿ ಎಲ್ಲರೂ ಒಂದೇ ತರಹದ ದರ ಹಾಕಿದ್ದರೂ ಕಂಪನಿಗಳು ಗೆದ್ದವು.

ಇಲ್ಲಿ ಒಂದು ಸೂಕ್ಷ್ಮ ಇದೆ. 2019ರ ಡಿಸೆಂಬರ್‌ನಲ್ಲಿ ಮತ್ತು 2021ರ ನವೆಂಬರ್‌ನಲ್ಲಿ ರೇಟ್ ಏರಿದಾಗ ಏರ್‌ಟೆಲ್, ವಿಐ ಮುಂದೆ ಹೋದವು, ಜಿಯೋ ಕೆಲವು ದಿನ ತಡವಾಗಿ, ಸ್ವಲ್ಪ ಕಡಿಮೆ ಇಟ್ಟುಕೊಂಡು ಹಿಂದೆ ಬಂತು. 2024ರಲ್ಲಿ ಮೊದಲು ಏರಿಸಿದ್ದೇ ಜಿಯೋ. ಅಗ್ಗದ ಅಂಗಡಿಯವನೇ ಮೊದಲು ರೇಟ್ ಬೋರ್ಡ್ ಬದಲಾಯಿಸಿದ ಅಂದರೆ ಪೈಪೋಟಿಯ ಕಾಲ ಮುಗಿಯಿತು ಅಂತಲೇ ಲೆಕ್ಕ. ನನಗೆ ಆ ವರ್ಷದ ದೊಡ್ಡ ಸುದ್ದಿ ಅನ್ನಿಸಿದ್ದು ಇದು. ಪತ್ರಿಕೆಗಳು ಶೇಕಡಾ ಎಷ್ಟು ಏರಿತು ಅನ್ನುವುದನ್ನಷ್ಟೇ ಬರೆದವು.

ಖಾಸಗಿ ಕಂಪನಿಗಳು ಮೂರಕ್ಕೆ ಹೇಗೆ ಇಳಿದವು ಅಂತ ನೋಡಿದರೆ ಇಪ್ಪತ್ತು ವರ್ಷದ ಹೆಸರುಗಳೆಲ್ಲ ನೆನಪಾಗುತ್ತವೆ. ಸ್ಪೈಸ್ ನೆನಪಿದೆಯಾ? ಕರ್ನಾಟಕ ಮತ್ತು ಪಂಜಾಬ್‌ನಲ್ಲಿ ಇತ್ತು, 2008ರಲ್ಲಿ ಐಡಿಯಾ ಅದನ್ನು ಕೊಂಡಿತು. ಹಚ್ 2007ರಲ್ಲಿ ವೊಡಾಫೋನ್ ಆಯಿತು. ಟಾಟಾ ಡೊಕೊಮೊ 2009ರಲ್ಲಿ ಸೆಕೆಂಡ್ ಲೆಕ್ಕದ ಕಾಲ್ ತಂದು ಎಲ್ಲರನ್ನೂ ಅದೇ ದಾರಿಗೆ ಎಳೆಯಿತು. ಏರ್‌ಸೆಲ್, ಯೂನಿನಾರ್, ಎಂಟಿಎಸ್, ಅನಿಲ್ ಅಂಬಾನಿಯವರ ರಿಲಯನ್ಸ್, ಎಲ್ಲದರ ಬಣ್ಣವನ್ನೂ ಊರಿನ ಗೋಡೆಗಳು ನೋಡಿವೆ. 2012ರ ಫೆಬ್ರವರಿ 2ಕ್ಕೆ ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿತು, ಕೆಲವರು ಆಗಲೇ ಗಂಟುಮೂಟೆ ಕಟ್ಟಿದರು.

ಉಳಿದವರ ಕಥೆ ಮುಗಿಸಿದ್ದು 2016ರ ಸೆಪ್ಟೆಂಬರ್ 5. ಜಿಯೋ ಶುರುವಾದ ದಿನ. 2017ರ ಮಾರ್ಚ್ 31ರವರೆಗೆ ಎಲ್ಲ ಪುಕ್ಕಟೆ, ಕಾಲ್ ಅಂತೂ ಯಾವಾಗಲೂ ಪುಕ್ಕಟೆ ಅಂತ ಹೇಳಿದರು. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಅದರ ಲೆಕ್ಕದಲ್ಲಿ 2014ರಲ್ಲಿ ಒಂದು ಜಿಬಿ ಡೇಟಾಕ್ಕೆ ಸರಾಸರಿ ₹269ರಷ್ಟು ಇದ್ದದ್ದು ಕೆಲವೇ ವರ್ಷಗಳಲ್ಲಿ ಹತ್ತು ರೂಪಾಯಿಯ ಆಸುಪಾಸಿಗೆ ಬಿತ್ತು. ನಾವೆಲ್ಲ ಖುಷಿಪಟ್ಟೆವು, ಪಡಬೇಕಾದದ್ದೇ. ಆದರೆ ಬರೀ ಕಾಲ್ ಮಾರಿ ಬದುಕುತ್ತಿದ್ದ, ಸಾಲ ಮಾಡಿ ಸ್ಪೆಕ್ಟ್ರಂ (ಸಿಗ್ನಲ್ ಸಾಗುವ ತರಂಗಗಳ ಹಕ್ಕು) ಕೊಂಡಿದ್ದ ಕಂಪನಿಗಳಿಗೆ ಉಸಿರಾಡಲು ಜಾಗ ಉಳಿಯಲಿಲ್ಲ. ಏರ್‌ಸೆಲ್ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ಟೆಲಿನಾರ್ (ಹಳೇ ಯೂನಿನಾರ್) 2018ರಲ್ಲಿ, ಟಾಟಾದ ಮೊಬೈಲ್ ವ್ಯವಹಾರ 2019ರಲ್ಲಿ ಏರ್‌ಟೆಲ್ ಹೊಟ್ಟೆಗೆ ಸೇರಿದವು. 2018ರ ಆಗಸ್ಟ್ 31ಕ್ಕೆ ವೊಡಾಫೋನ್ ಮತ್ತು ಐಡಿಯಾ ಒಂದಾದವು.

ಆಗ ಯಾರೂ ತಡೆಯಲಿಲ್ವಾ ಅಂತ ಕೇಳಬಹುದು. ಸ್ಪರ್ಧಾ ಕಾಯ್ದೆಯನ್ನು ಜಾರಿ ಮಾಡುವ ಸ್ಪರ್ಧಾ ಆಯೋಗಕ್ಕೆ ಏರ್‌ಟೆಲ್ ಜಿಯೋ ಮೇಲೆ ದೂರು ಕೊಟ್ಟಿತ್ತು. ಲಾಗತ್ತಿಗಿಂತ ಕಡಿಮೆಗೆ ಮಾರಿ ನಮ್ಮನ್ನು ಮುಗಿಸುತ್ತಿದ್ದಾರೆ ಅನ್ನುವುದು ಅದರ ತಕರಾರು. 2017ರ ಜೂನ್‌ನಲ್ಲಿ ಆಯೋಗ ದೂರನ್ನು ತಳ್ಳಿಹಾಕಿತು. ಜಿಯೋ ಆಗಷ್ಟೇ ಬಂದದ್ದು, ಮಾರುಕಟ್ಟೆಯಲ್ಲಿ ಅದರ ಕೈ ಮೇಲಾಗಿಲ್ಲ, ಹಾಗಾಗಿ ಅಗ್ಗಕ್ಕೆ ಮಾರಿದ್ದು ತಪ್ಪಾಗದು ಅನ್ನುವುದು ಆಯೋಗದ ವಾದ. ಕಾನೂನು ಓದಿದರೆ ವಾದ ಸರಿಯೇ. ಆದರೆ ಕೈ ಮೇಲಾಗುವುದಕ್ಕೆ ಮುಂಚೆ ತಪ್ಪಿಲ್ಲ, ಕೈ ಮೇಲಾದ ಮೇಲೆ ಅಗ್ಗಕ್ಕೆ ಮಾರುವ ಅಗತ್ಯ ಇಲ್ಲ. ಹೀಗಾದರೆ ಆ ನಿಯಮ ಹಿಡಿಯುವುದು ಯಾರನ್ನು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಹಳೇ ಕಂಪನಿಗಳೂ ಸಾಚಾ ಏನಲ್ಲ ಬಿಡಿ. ಜಿಯೋ ಕಾಲ್‌ಗಳು ತಮ್ಮ ನೆಟ್‌ವರ್ಕಿಗೆ ಬರಲು ಬೇಕಾದಷ್ಟು ಕನೆಕ್ಷನ್ ಕೊಡಲಿಲ್ಲ ಅಂತ 2016ರ ಅಕ್ಟೋಬರ್‌ನಲ್ಲಿ ಟ್ರಾಯ್ ಏರ್‌ಟೆಲ್, ವೊಡಾಫೋನ್, ಐಡಿಯಾ ಮೂರಕ್ಕೂ ಸೇರಿ ₹3,050 ಕೋಟಿ ದಂಡಕ್ಕೆ ಶಿಫಾರಸು ಮಾಡಿತ್ತು.

ಸರ್ಕಾರ ಯಾಕೆ ಸುಮ್ಮನಿದೆ ಅಂದರೆ, ದರದ ವಿಷಯದಲ್ಲಿ ಸುಮ್ಮನಿರುವುದೇ ನೀತಿ. ಮೊಬೈಲ್ ಪ್ಲಾನ್ ಎಷ್ಟಿರಬೇಕು ಅನ್ನುವುದನ್ನು ಟ್ರಾಯ್ ಕಂಪನಿಗಳಿಗೇ ಬಿಟ್ಟಿದೆ. ಕಂಪನಿ ಪ್ಲಾನ್ ಜಾರಿ ಮಾಡಿ ಆಮೇಲೆ ಟ್ರಾಯ್‌ಗೆ ವರದಿ ಕೊಟ್ಟರೆ ಸಾಕು. ಹತ್ತು ಹನ್ನೆರಡು ಕಂಪನಿ ಇದ್ದಾಗ ಇದು ಒಳ್ಳೆಯ ನೀತಿಯೇ ಆಗಿತ್ತು. ವಿಐಯನ್ನು ಅರ್ಧ ಅಂತ ಹಿಡಿದರೆ ಎರಡೂವರೆ ಕಂಪನಿ ಇರುವಾಗಲೂ ಅದನ್ನೇ ಹಿಡಿದುಕೊಂಡು ಕೂತಿದ್ದಾರೆ, ನನ್ನ ತಕರಾರು ಅಷ್ಟೇ. ಇನ್ನೊಂದು ತಮಾಷೆ ಹೇಳುತ್ತೇನೆ. 2019ರಲ್ಲಿ ಕಂಪನಿಗಳೇ ಹೋಗಿ ಕನಿಷ್ಠ ದರ ನಿಗದಿ ಮಾಡಿಕೊಡಿ ಅಂತ ಕೇಳಿದ್ದವು, ಟ್ರಾಯ್ ಅದರ ಮೇಲೆ ಚರ್ಚಾಪತ್ರವನ್ನೂ ಹೊರಡಿಸಿತ್ತು. ನಿಯಮ ಬರಲಿಲ್ಲ. ಈಗ ಅದರ ಅವಶ್ಯಕತೆಯೂ ಅವರಿಗೆ ಉಳಿದಿಲ್ಲ.

ರೇಟ್ ಏರಿಸದೆಯೂ ಏರಿಸಬಹುದು, ಅದನ್ನೂ ಗಮನಿಸಿ. 2025ರ ಆಗಸ್ಟ್‌ನಲ್ಲಿ ಜಿಯೋ, ಏರ್‌ಟೆಲ್ ಎರಡೂ ದಿನಕ್ಕೆ 1 ಜಿಬಿ ಕೊಡುತ್ತಿದ್ದ ತಮ್ಮ ₹249ರ ಪ್ಲಾನನ್ನು ಆ್ಯಪ್‌ನ ಪಟ್ಟಿಯಿಂದ ತೆಗೆದವು. ಯಾವ ಪ್ಲಾನಿನ ಬೆಲೆಯೂ ಒಂದು ಪೈಸೆ ಏರಿಲ್ಲ, ಆದರೆ ಕೆಳಗಿನ ಮೆಟ್ಟಿಲೇ ಇಲ್ಲದಂತಾಯಿತು. 28 ದಿನದ ತಿಂಗಳು ಗೊತ್ತೇ ಇದೆ. ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. 2022ರಲ್ಲಿ ಟ್ರಾಯ್ 30 ದಿನದ್ದೊಂದು, ಪ್ರತಿ ತಿಂಗಳು ಅದೇ ತಾರೀಖಿಗೆ ಮುಗಿಯುವಂಥದ್ದೊಂದು ಪ್ಲಾನ್ ಇರಲೇಬೇಕು ಅಂತ ಆದೇಶ ಮಾಡಿತು. ಇವೆ, ಆದರೆ ಪಟ್ಟಿಯಲ್ಲಿ ಕೆಳಗೆ ಹುಡುಕಬೇಕು.

ನಿಮ್ಮ ಮನೆಯ ಲೆಕ್ಕ ತೆಗೆದುಕೊಳ್ಳೋಣ. ಜಿಯೋದ ದಿನಕ್ಕೆ 1.5 ಜಿಬಿ, 28 ದಿನದ ಪ್ಲಾನ್ ₹239 ಇದ್ದದ್ದು ₹299 ಆಯಿತು. 13 ಸಲ ಹಾಕಿಸಿದರೆ ₹3,107 ಹೋಗುತ್ತಿದ್ದ ಜಾಗದಲ್ಲಿ ₹3,887 ಹೋಗುತ್ತದೆ. ಒಂದು ನಂಬರಿಗೆ ₹780 ಜಾಸ್ತಿ, ಮೂರು ಜಿಯೋ ನಂಬರಿಗೆ ₹2,340. ಅಂಗಡಿ ನಂಬರಿಗೆ ಇಷ್ಟು ಡೇಟಾ ಯಾಕೆ ಬೇಕು? ಅಂಗಡಿಯಲ್ಲಿ ವೈಫೈ ಇದೆ ಅಲ್ವಾ? ನನಗೆ ಗೊತ್ತಿರುವಂತೆ ಝೆರಾಕ್ಸ್ ಅಂಗಡಿಯ ಫೋನ್ ಬೆಳಗ್ಗಿಂದ ಸಂಜೆವರೆಗೆ ಅದೇ ರೂಟರ್ ಪಕ್ಕದಲ್ಲಿ ಚಾರ್ಜಿಗೆ ಬಿದ್ದಿರುತ್ತದೆ, ಗಿರಾಕಿಗಳು ಕಳಿಸುವ ಪಿಡಿಎಫ್ ಎಲ್ಲ ವೈಫೈ ಮೇಲೇ ಇಳಿಯುತ್ತವೆ. ರಾತ್ರಿ ಹನ್ನೆರಡಕ್ಕೆ ಒಂದೂವರೆ ಜಿಬಿ ಹಾಗೇ ಹೋಗುತ್ತದೆ. ಆ ನಂಬರಿಗೆ ಬರೀ ಕಾಲ್, ಎಸ್ಎಂಎಸ್ ಪ್ಲಾನ್ ಹಾಕಿಸಿ.

ಅಂಥ ಪ್ಲಾನ್ ಇದೆಯಾ ಅಂದರೆ ಇದೆ, ಅದು ಟ್ರಾಯ್ ನಿಜವಾಗಿ ಮಾಡಿದ ಒಂದು ಒಳ್ಳೆಯ ಕೆಲಸ. 2024ರ ಡಿಸೆಂಬರ್ 23ರ ತಿದ್ದುಪಡಿಯಲ್ಲಿ ಡೇಟಾ ಇಲ್ಲದ, ಕಾಲ್ ಮತ್ತು ಎಸ್ಎಂಎಸ್ ಮಾತ್ರ ಇರುವ ಪ್ಲಾನ್ ಕೊಡಲೇಬೇಕು ಅಂತ ಹೇಳಿತು. 2025ರ ಜನವರಿಯಲ್ಲಿ ಜಿಯೋ 84 ದಿನಕ್ಕೆ ₹448, 336 ದಿನಕ್ಕೆ ₹1,748 ಇಟ್ಟಿತು. ಏರ್‌ಟೆಲ್ 84 ದಿನಕ್ಕೆ ₹469, ವರ್ಷಕ್ಕೆ ₹1,849. ಹಾಕಿಸುವ ಮುಂಚೆ ಆ್ಯಪ್‌ನಲ್ಲಿ ಇವತ್ತಿನ ರೇಟ್ ನೋಡಿಕೊಳ್ಳಿ. ಅಪ್ಪನವರಿಗೆ 28 ದಿನದ ₹199 ಹಾಕಿಸುತ್ತಿದ್ದರೆ ವರ್ಷಕ್ಕೆ ₹2,587 ಆಗುತ್ತದೆ. ಅದರಲ್ಲಿ 2 ಜಿಬಿ ಡೇಟಾ ಬರುತ್ತದೆ, ಕೀಪ್ಯಾಡ್ ಸೆಟ್ಟಿನಲ್ಲಿ ಅದನ್ನು ಯಾರು ಉಪಯೋಗಿಸುತ್ತಾರೆ? ₹1,849ರದ್ದು ಹಾಕಿಸಿದರೆ ₹738 ಉಳಿಯುತ್ತದೆ, ರೀಚಾರ್ಜ್ ಮುಗಿದು ಹೊಲದಿಂದ ಫೋನ್ ಹೋಗದೆ ಒದ್ದಾಡುವುದೂ ತಪ್ಪುತ್ತದೆ. ರೀಚಾರ್ಜ್ ಅಂಗಡಿಯವರು ಇದನ್ನು ತಾವಾಗಿ ಹೇಳುವುದು ಕಡಿಮೆ. ನೀವೇ ‘ಡೇಟಾ ಬ್ಯಾಡ, ಬರೀ ಕಾಲಿಂದು’ ಅಂತ ಕೇಳಬೇಕು.

ಅಪ್ಪನವರನ್ನು ಮಾತ್ರ ಅಗ್ಗ ಅಂತ ಜಿಯೋಗೆ ಪೋರ್ಟ್ ಮಾಡಿಬಿಡಬೇಡಿ, ಅಂದರೆ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಾಯಿಸಬೇಡಿ. ಜಿಯೋ ಹತ್ತಿರ 2ಜಿ ಇಲ್ಲ. ಹಳೇ ಕೀಪ್ಯಾಡ್ ಸೆಟ್ಟಿಗೆ ಆ ಸಿಮ್ ಹಾಕಿದರೆ ಸಿಗ್ನಲ್ಲೇ ಬರುವುದಿಲ್ಲ. 4ಜಿ ಕೀಪ್ಯಾಡ್ ಫೋನ್ ಕೊಳ್ಳಬೇಕಾಗುತ್ತದೆ, ಜಿಯೋದವರದೇ ಒಂದು 2023ರಲ್ಲಿ ₹999ಕ್ಕೆ ಬಂದಿತ್ತು, ಆದರೆ ಆ ಫೋನಿಗೆ ಬೇರೆಯವರ ಸಿಮ್ ನಡೆಯುವುದಿಲ್ಲ. ಪೈಪೋಟಿ ಅನ್ನುವುದು ಎಲ್ಲರಿಗೂ ಒಂದೇ ಅಲ್ಲ ಅನ್ನೋದು ಇಲ್ಲಿ ಗೊತ್ತಾಗುತ್ತದೆ. ನಿಮ್ಮ ಮಗನ ಮುಂದೆ ಬಿಎಸ್ಎನ್ಎಲ್ ಸೇರಿ ನಾಲ್ಕು ಕಂಪನಿ ಇವೆ. ಕೀಪ್ಯಾಡ್ ಹಿಡಿದ ಹಿರಿಯರಿಗೆ ಒಂದು ಆಗಲೇ ಕಮ್ಮಿ, ವಿಐ ಸಿಗ್ನಲ್ ಇಲ್ಲದ ಹೊಲದಲ್ಲಿ ಇನ್ನೊಂದೂ ಕಮ್ಮಿ. ಮಗನಿಗೆ ಬೆಳಗಾವಿಯಲ್ಲಿ 5ಜಿ ಫೋನ್ ಇದ್ದರೆ ₹349ರ ದಿನಕ್ಕೆ 2 ಜಿಬಿ ಪ್ಲಾನ್ ಹಾಕಿಸಿಕೊಡಿ, 2024ರ ಜುಲೈಯಲ್ಲಿ ಜಿಯೋ ಅನ್‌ಲಿಮಿಟೆಡ್ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕೂ ಮೇಲಿನ ಪ್ಲಾನಿಗೆ ಇಟ್ಟಿತು. ₹299 ಹಾಕಿಸಿ ಮೇಲೆ ಡೇಟಾ ಪ್ಯಾಕ್ ಹಾಕಿಸಿಕೊಳ್ಳುತ್ತಾ ಹೋದರೆ ಇದಕ್ಕಿಂತ ಜಾಸ್ತಿ ಖರ್ಚಾಗಬಹುದು.

ವಿಐ ಮುಚ್ಚುತ್ತಾ? ನನ್ನ ಅಂದಾಜಿನಲ್ಲಿ ಸರ್ಕಾರ ಅಷ್ಟು ಸುಲಭಕ್ಕೆ ಮುಚ್ಚಲು ಬಿಡುವುದಿಲ್ಲ, ಯಾಕೆಂದರೆ ಈಗ ಅದರ ದೊಡ್ಡ ಪಾಲುದಾರ ಸರ್ಕಾರವೇ. 2023ರಲ್ಲಿ ₹16,133 ಕೋಟಿ ಬಾಕಿ, 2025ರಲ್ಲಿ ಮತ್ತೆ ₹36,950 ಕೋಟಿ ಬಾಕಿಯನ್ನು ಷೇರಾಗಿ ಮಾಡಿಕೊಂಡು ಸರ್ಕಾರದ ಪಾಲು ಶೇ. 48.99ಕ್ಕೆ ಹೋಯಿತು. ಸ್ಪೆಕ್ಟ್ರಂ ಸಾಲ ಬಿಟ್ಟು ಉಳಿದ ಬಾಕಿ ಬೆಳೆದದ್ದು ಹೇಗೆ ಅಂದರೆ, ಕಂಪನಿಗಳು ತಮ್ಮ ಆದಾಯದ ಒಂದು ಪಾಲನ್ನು ಲೈಸೆನ್ಸ್ ಶುಲ್ಕ ಅಂತ ಕಟ್ಟಬೇಕು. ಯಾವುದು ಆದಾಯ ಅನ್ನುವ ಜಗಳ ವರ್ಷಗಟ್ಟಲೆ ನಡೆಯಿತು. ಬಾಡಿಗೆ, ಬಡ್ಡಿ ಇಂಥ ಬೇರೆ ಆದಾಯವೂ ಸೇರಬೇಕು ಅಂತ 2019ರ ಅಕ್ಟೋಬರ್ 24ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬಡ್ಡಿ, ದಂಡ, ದಂಡದ ಮೇಲೆ ಬಡ್ಡಿ ಸೇರಿ ವಿಐ ತಲೆ ಮೇಲೆ ಐವತ್ತು ಸಾವಿರ ಕೋಟಿ ದಾಟಿದ ಹೊರೆ ಬಿತ್ತು. ಎರಡು ಕಂಪನಿ ಸೇರಿದಾಗ ಗ್ರಾಹಕರು 40 ಕೋಟಿಗೂ ಹೆಚ್ಚು ಇದ್ದರು, ದೇಶದಲ್ಲೇ ದೊಡ್ಡ ಕಂಪನಿ ಅದು. ಈಗ ಅದರ ಅರ್ಧದಷ್ಟು. ಎರಡು ದೊಡ್ಡ ಸಾಲಗಾರರು ಸೇರಿ ಒಂದಾದರೆ ಸಾಲ ಕೂಡುತ್ತದೆ, ಗಿರಾಕಿ ಕೂಡುವುದಿಲ್ಲ.

ಇದರಲ್ಲಿ ನನಗೆ ವಿಚಿತ್ರ ಅನ್ನಿಸುವ ಒಂದು ಸಂಗತಿ ಇದೆ. ವಿಐ ತನ್ನ ಆಂಟೆನಾ ಕೂರಿಸಿರುವುದು ಬಹಳಷ್ಟು ಕಡೆ ಇಂಡಸ್ ಟವರ್ಸ್ ಅನ್ನುವ ಕಂಪನಿಯ ಟವರ್ ಮೇಲೆ. ಆ ಇಂಡಸ್‌ನಲ್ಲಿ 2024ರ ಕೊನೆಯಿಂದ ಅರ್ಧಕ್ಕಿಂತ ಹೆಚ್ಚು ಪಾಲು ಏರ್‌ಟೆಲ್‌ನದು. ಪ್ರತಿಸ್ಪರ್ಧಿಗೇ ತಿಂಗಳಾ ಬಾಡಿಗೆ ಕಟ್ಟಿ ಅಂಗಡಿ ನಡೆಸುತ್ತಿದ್ದಾರೆ. ನಿಮಗೆ ಇದರಿಂದ ತಿಳಿಯಬೇಕಾದದ್ದು, ಏರ್‌ಟೆಲ್ ಮತ್ತು ವಿಐ ಎರಡೂ ಸಿಮ್ ಇಟ್ಟುಕೊಂಡು ‘ಒಂದು ಹೋದರೆ ಇನ್ನೊಂದು ಇರುತ್ತದೆ’ ಅಂತ ಧೈರ್ಯ ಮಾಡಿಕೊಳ್ಳಬೇಡಿ. ಎರಡೂ ಒಂದೇ ಟವರ್ ಮೇಲಿದ್ದರೆ, ಕರೆಂಟ್ ಹೋಗಿ ಬ್ಯಾಟರಿ ಮುಗಿದ ದಿನ ಎರಡೂ ಒಟ್ಟಿಗೇ ಹೋಗುತ್ತವೆ. ಜೊತೆಗೊಂದು ಸಿಮ್ ಬೇಕಾದರೆ ಬೇರೆ ಟವರ್ ಮೇಲಿರುವುದನ್ನು ನೋಡಿ ಇಟ್ಟುಕೊಳ್ಳಿ.

ಮುಚ್ಚಿದರೂ ನಂಬರ್ ಎಲ್ಲಿಯೂ ಹೋಗುವುದಿಲ್ಲ. 2018ರಲ್ಲಿ ಏರ್‌ಸೆಲ್ ನಿಂತಾಗ ಅದರ ಗ್ರಾಹಕರು ಅದೇ ನಂಬರ್ ಹಿಡಿದು ಬೇರೆ ಕಂಪನಿಗೆ ಹೋದರು. ಹೋಗುವುದು ರೀಚಾರ್ಜ್ ದುಡ್ಡು. ಪೋರ್ಟ್ ಆದಾಗ ಉಳಿದ ಬ್ಯಾಲೆನ್ಸ್, ಉಳಿದ ವ್ಯಾಲಿಡಿಟಿ ಜೊತೆಗೆ ಬರುವುದಿಲ್ಲ. ಅದಕ್ಕೇ ವಿಐ ನಂಬರಿಗೆ ಒಂದು ವರ್ಷದ ಪ್ಲಾನ್ ಹಾಕಿಸಬೇಡಿ, ಸಿಗ್ನಲ್ ಚೆನ್ನಾಗಿದ್ದರೆ ಸಣ್ಣ ಸಣ್ಣದಾಗಿ ಹಾಕಿಸುತ್ತಾ ಇರಿ. ಪೋರ್ಟ್ ಮಾಡುವುದು ಕಷ್ಟವಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು, ಹತ್ತು ಅಂಕಿಯ ನಂಬರ್ ಹಾಕಿ 1900ಕ್ಕೆ ಮೆಸೇಜ್ ಮಾಡಿ. ಬಂದ ಕೋಡ್ ನಾಲ್ಕು ದಿನ ನಡೆಯುತ್ತದೆ. ನಂಬರ್ ತೆಗೆದುಕೊಂಡು 90 ದಿನ ಆಗಿರಬೇಕು. ಸಿಮ್ ಕಳೆದು ಬದಲಿ ಸಿಮ್ ತೆಗೆದುಕೊಂಡಿದ್ದರೆ ಏಳು ದಿನ ಕಾಯಬೇಕು, ಇದು 2024ರ ಜುಲೈಯಿಂದ ಬಂದ ನಿಯಮ. ಒಂದೇ ರಾಜ್ಯದೊಳಗಾದರೆ ಮೂರು ಕೆಲಸದ ದಿನದಲ್ಲಿ ಆಗಬೇಕು. ಆ ಮೆಸೇಜ್ ಹೋದ ತಕ್ಷಣ ಹಳೇ ಕಂಪನಿಯಿಂದ ಆಫರ್ ಹೇಳುವ ಫೋನ್ ಬರುವುದುಂಟು. ಕೇಳಿಸಿಕೊಳ್ಳಿ, ಆದರೆ ಬಾಯಿಮಾತಿನ ಆಫರ್ ಬೇಡ, ಆ್ಯಪ್‌ನಲ್ಲಿ ಕಂಡರೆ ಮಾತ್ರ ಒಪ್ಪಿಕೊಳ್ಳಿ.

ಬಿಎಸ್ಎನ್ಎಲ್ ಬಗ್ಗೆ ನನಗೂ ಪ್ರೀತಿ ಇದೆ, ಆದರೆ ಪ್ರೀತಿಗೆ ಸಿಗ್ನಲ್ ಬರುವುದಿಲ್ಲ. 2024ರ ಜುಲೈ ನಂತರ ಲಕ್ಷಗಟ್ಟಲೆ ಜನ ಅದಕ್ಕೆ ಹೋದರು. ಕೆಲವು ತಿಂಗಳಲ್ಲಿ ಆ ಹುರುಪು ಇಳಿಯಿತು, ಯಾಕೆಂದರೆ ಆಗ ಅದರ 4ಜಿ ಇನ್ನೂ ಎಲ್ಲ ಕಡೆ ಬಂದಿರಲಿಲ್ಲ. ಟಿಸಿಎಸ್, ತೇಜಸ್ ಕಂಪನಿಗಳು ಮತ್ತು ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡಾಟ್ ಸೇರಿ ಮಾಡಿದ ಸ್ವದೇಶಿ 4ಜಿ ಅಧಿಕೃತವಾಗಿ ಉದ್ಘಾಟನೆ ಆದದ್ದು 2025ರ ಸೆಪ್ಟೆಂಬರ್ 27ಕ್ಕೆ. ರೇಟ್ ಕಡಿಮೆ ಇದೆ, ನಿಜ, ಆದರೆ ರೇಟ್ ಅದೇ ಇಟ್ಟು ದಿನ ಕಡಿಮೆ ಮಾಡುವ ಕಲೆ ಅವರಿಗೂ ಗೊತ್ತು, ಹಾಗಾಗಿ ದಿನದ ಲೆಕ್ಕದಲ್ಲಿ ಭಾಗಿಸಿ ನೋಡಿ. ಏಕಾಏಕಿ ಪೋರ್ಟ್ ಆಗಬೇಡಿ. ಒಂದು ಹೊಸ ಬಿಎಸ್ಎನ್ಎಲ್ ಸಿಮ್ ತೆಗೆದುಕೊಂಡು ಎರಡನೇ ಸ್ಲಾಟ್‌ಗೆ ಹಾಕಿ. ಅಂಗಡಿಯಲ್ಲಿ, ಮನೆಯ ಒಳಗಿನ ಕೋಣೆಯಲ್ಲಿ, ತೋಟದ ಬೋರ್‌ವೆಲ್ ಹತ್ತಿರ ನಿಂತು ಕಾಲ್ ಮಾಡಿ ನೋಡಿ, ಸಂಜೆ ಏಳರಿಂದ ಹತ್ತರ ನಡುವೆ ಒಂದು ಯುಪಿಐ ಪೇಮೆಂಟ್ ಮಾಡಿ ನೋಡಿ. 2024ರ ಅಕ್ಟೋಬರ್‌ನಿಂದ ಜಾರಿಯಾದ ಗುಣಮಟ್ಟದ ನಿಯಮದ ಪ್ರಕಾರ ಪ್ರತಿ ಕಂಪನಿಯೂ ತನ್ನ ವೆಬ್‌ಸೈಟಿನಲ್ಲಿ ಸಿಗ್ನಲ್ ಎಲ್ಲೆಲ್ಲಿ ಇದೆ ಅನ್ನುವ ನಕ್ಷೆ ಹಾಕಬೇಕು. ಅದನ್ನೂ ನೋಡಿ, ಆದರೆ ನಕ್ಷೆಯಲ್ಲಿ ಹಸಿರಿದೆ ಅಂತ ಪತ್ರಾಸಿನ ಶೆಡ್ಡಿನ ಒಳಗೂ ಸಿಗ್ನಲ್ ಬರುತ್ತದೆ ಅಂತೇನಿಲ್ಲ.

ಇಲ್ಲೊಂದು ಮಾತು. ಪೈಪೋಟಿ ಇದೆಯೋ ಇಲ್ಲವೋ ಅಂತ ದೆಹಲಿಯಲ್ಲಿ ಲೆಕ್ಕ ಹಾಕುವುದು ಸರ್ಕಲ್ ಮಟ್ಟದಲ್ಲಿ. ಕರ್ನಾಟಕ ಪೂರ್ತಿ ಒಂದು ಸರ್ಕಲ್. ಎರಡು ಕಂಪನಿ ಒಂದಾಗಬೇಕಾದರೆ ಸರ್ಕಲ್ ಒಂದರಲ್ಲಿ ಶೇ. 50ಕ್ಕಿಂತ ಜಾಸ್ತಿ ಪಾಲು ಆಗಬಾರದು ಅಂತ 2014ರ ನಿಯಮ ಇದೆ. ಆದರೆ ಬೆಂಗಳೂರಿನ ಮಲ್ಲೇಶ್ವರ ಮತ್ತು ಭೀಮಾ ದಂಡೆಯ ಹಳ್ಳಿ ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಹಳ್ಳಿಯವರ ಪರಿಸ್ಥಿತಿ ಲೆಕ್ಕಕ್ಕೇ ಬರುವುದಿಲ್ಲ. ಚಡಚಣದ ಕಡೆ ಹೊಳೆ ಪಕ್ಕ ನಿಂತರೆ ಫೋನ್ ಆಚೆ ದಂಡೆಯ ಮಹಾರಾಷ್ಟ್ರದ ಟವರ್ ಹಿಡಿಯುತ್ತದೆ, ನಿಮ್ಮ ಸರ್ಕಲ್‌ನ ಟವರಿಗಿಂತ ಅದೇ ಹತ್ತಿರ. ಕಾಗದದ ಮೇಲೆ ನಾಲ್ಕು ಕಂಪನಿ ಇರುವ ರಾಜ್ಯದಲ್ಲಿ ಎಷ್ಟೋ ಊರಿಗೆ ಇರುವುದು ಒಂದೇ ಕಂಪನಿ. ಅಂಥ ಊರಿನವರಿಗೆ ಪೋರ್ಟ್ ಮಾಡಿ ಅನ್ನುವ ಸಲಹೆ ಕೊಟ್ಟು ಏನು ಪ್ರಯೋಜನ?

ಇನ್ನು ಓಣಿಯ ವಿಷಯ.

ಇಂಟರ್ನೆಟ್ ವೈರ್ ಎಳೆಯುವುದು ಖರ್ಚಿನ ಕೆಲಸ. ಹೆಸ್ಕಾಂ ಕಂಬದಿಂದ ಕಂಬಕ್ಕೆ ಫೈಬರ್ ಕಟ್ಟಿ, ಓಣಿಯ ಮೂಲೆಯಲ್ಲಿ ಡಬ್ಬಿ ಹಾಕಿ, ಅಲ್ಲಿಂದ ಮನೆಮನೆಗೆ ಎಳೆಯಬೇಕು. ಒಂದೇ ಓಣಿಗೆ ಇಬ್ಬರು ಎಳೆದರೆ ಖರ್ಚು ಇಬ್ಬರಿಗೂ, ಗಿರಾಕಿ ಅರ್ಧ ಅರ್ಧ. ಹಾಗಾಗಿ ಕೇಬಲ್ ಟಿವಿ ಕಾಲದಿಂದಲೂ ಎಷ್ಟೋ ಊರುಗಳಲ್ಲಿ ‘ಈ ಓಣಿ ನಂದು, ಆ ಓಣಿ ನಿಂದು’ ಅಂತ ಹಂಚಿಕೊಂಡಿರುತ್ತಾರೆ. ಒಬ್ಬನಿಗೆ ಇಲ್ಲಿ ವೈರ್ ಇಲ್ಲ, ಎಳೆದರೆ ಪೂರೈಸುವುದಿಲ್ಲ ಅಂತ ಬರಲಿಲ್ಲ ಅಂದರೆ ಅದು ಅವನ ವ್ಯಾಪಾರ, ತಪ್ಪಿಲ್ಲ. ಇಬ್ಬರೂ ಮಾತಾಡಿಕೊಂಡು ಗಡಿ ಹಾಕಿಕೊಂಡಿದ್ದರೆ ಅದು ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ನಿಗೇ ಬರುತ್ತದೆ. ಪ್ರದೇಶ ಹಂಚಿಕೊಂಡು ಮಾರುಕಟ್ಟೆ ಪಾಲು ಮಾಡಿಕೊಳ್ಳುವುದು ಅದರಲ್ಲಿ ಹೆಸರು ಹೇಳಿಯೇ ಬರೆದಿರುವ ತಪ್ಪು. ಅಂದರೆ ನೀವು ದೆಹಲಿ ಮುಂಬೈಯಲ್ಲಿ ಹುಡುಕುತ್ತಿರುವ ಒಳ ಒಪ್ಪಂದ ನಿಮ್ಮ ಅಂಗಡಿಯ ಹಿಂದಿನ ಕಂಬದ ಮೇಲೇ ಇರಬಹುದು. ಅದನ್ನು ಕೇಳುವವರು ಮಾತ್ರ ಯಾರೂ ಇಲ್ಲ. ನಿಮ್ಮ ಕೇಬಲ್‌ನವರು ದೊಡ್ಡ ಕಂಪನಿಗೆ ಸೇರಿದ್ದೂ ಸ್ಪರ್ಧಾ ಆಯೋಗದ ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ 2024ರ ಸೆಪ್ಟೆಂಬರ್‌ನ ನಿಯಮದ ಪ್ರಕಾರ ಮಾರಾಟವಾಗುವ ಕಂಪನಿಯ ಆಸ್ತಿ ₹450 ಕೋಟಿಗಿಂತ ಅಥವಾ ವಹಿವಾಟು ₹1,250 ಕೋಟಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಆಯೋಗದ ಅನುಮತಿಯೇ ಬೇಕಿಲ್ಲ. ಇಂಡಿಯ ಕೇಬಲ್ ಆಫೀಸ್ ಎಲ್ಲಿ, ಆ ಅಂಕಿ ಎಲ್ಲಿ!

ದೊಡ್ಡವರು ಈ ಧಂಧೆಗೆ ಬಂದದ್ದೂ ಕೇಬಲ್ ದಾರಿಯಿಂದಲೇ. 2018ರ ಅಕ್ಟೋಬರ್‌ನಲ್ಲಿ ಜಿಯೋದ ಮಾತೃ ಕಂಪನಿ ರಿಲಯನ್ಸ್, ಹಾಥ್‌ವೇ ಮತ್ತು ಡೆನ್ ಅನ್ನುವ ಎರಡು ಕೇಬಲ್ ಕಂಪನಿಗಳ ಹಿಡಿತ ತೆಗೆದುಕೊಳ್ಳುವುದಾಗಿ ಪ್ರಕಟಿಸಿತು, ಮರುವರ್ಷ ಜಿಯೋ ಫೈಬರ್ ಬಂತು. ಊರಿನ ಕೇಬಲ್‌ನವರಿಗೂ ಬೇರೆ ದಾರಿ ಇರಲಿಲ್ಲ ಅನ್ನುವುದನ್ನು ಮರೆಯಬಾರದು. ಟಿವಿ ಗಿರಾಕಿಗಳು ಹೋಗುತ್ತಿದ್ದಾರೆ, ಇಂಟರ್ನೆಟ್ ಕೊಡಬೇಕಾದರೆ ಮೇಲಿನಿಂದ ಬ್ಯಾಂಡ್‌ವಿಡ್ತ್ ಕೊಳ್ಳಬೇಕು, ದೊಡ್ಡ ಕಂಪನಿ ಜೊತೆ ಆದಾಯ ಹಂಚಿಕೊಳ್ಳಬೇಕು. ನೀವು ಕೊಡುವ ₹590 ಪೂರ್ತಿ ಅವರ ಜೇಬಿಗೆ ಹೋಗುವುದಿಲ್ಲ. ಆದರೆ ₹140 ಏರಿಸುವ ಧೈರ್ಯ ಬಂದದ್ದು ನಿಮಗೆ ಬೇರೆ ದಾರಿ ಇಲ್ಲ ಅಂತ ಅವರಿಗೆ ಗೊತ್ತಿರುವುದರಿಂದ.

ಬೇರೆ ದಾರಿ ಇದೆಯಾ ನೋಡೋಣ. ಒಂದು, ಬಿಎಸ್ಎನ್ಎಲ್ ಫೈಬರ್. ಅದನ್ನೂ ಊರಲ್ಲಿ ನಡೆಸುವುದು ಸಾಮಾನ್ಯವಾಗಿ ಒಬ್ಬ ಖಾಸಗಿ ಪಾಲುದಾರ, ಕೆಲವು ಕಡೆ ಅದೇ ಕೇಬಲ್‌ನವರೇ ಆಗಿರುತ್ತಾರೆ, ಹಾಗಿದ್ದರೆ ಹೆಸರು ಬದಲಾಗುತ್ತದೆ ಅಷ್ಟೇ, ವೈರ್ ಕಡಿದಾಗ ಏಣಿ ತೆಗೆದುಕೊಂಡು ಬರುವ ಹುಡುಗ ಅವನೇ. ಟೆಲಿಫೋನ್ ಎಕ್ಸ್‌ಚೇಂಜ್‌ಗೆ ಹೋಗಿ ಯಾರು ಪಾಲುದಾರರು ಅಂತ ಕೇಳಿ. ಇನ್ನೊಂದು, ವೈರ್ ಬೇಡದ ಏರ್‌ಫೈಬರ್. ಮಾಳಿಗೆ ಮೇಲೆ ಒಂದು ಡಬ್ಬಿ ಕೂರಿಸಿ 5ಜಿ ಸಿಗ್ನಲ್ ಹಿಡಿದು ಕೆಳಗೆ ರೂಟರಿಗೆ ಕೊಡುತ್ತಾರೆ. ಓಣಿ ಯಾರದು ಅನ್ನುವ ಪ್ರಶ್ನೆಯೇ ಅದಕ್ಕಿಲ್ಲ, ಕೇಬಲ್‌ನವರಿಗೆ ನಿಜವಾದ ಭಯ ಇರುವುದು ಅದರದ್ದೇ. ಜಿಯೋ ಇದನ್ನು 2023ರ ಸೆಪ್ಟೆಂಬರ್‌ನಲ್ಲಿ ತಂದಾಗ 30 ಎಂಬಿಪಿಎಸ್ ಸ್ಪೀಡಿಗೆ ತಿಂಗಳಿಗೆ ₹599 ಇಟ್ಟಿತ್ತು. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ ₹707 ಹತ್ತಿರ. ನಿಮ್ಮ ₹590 ಜಿಎಸ್‌ಟಿ ಸೇರಿದ್ದಾ ಸೇರದ್ದಾ ಅಂತ ಮೊದಲು ರಸೀದಿ ನೋಡಿ. ರಸೀದಿ ಕೊಡುತ್ತಿಲ್ಲ ಅಂದರೆ ಕೇಳಿ ತೆಗೆದುಕೊಳ್ಳಿ, ಮುಂದೆ ದೂರು ಕೊಡಬೇಕಾದರೆ ಕೈಯಲ್ಲಿ ಕಾಗದ ಬೇಕು. ಏರ್‌ಫೈಬರ್‌ನಲ್ಲಿ ತಿಂಗಳಿಗೆ 1,000 ಜಿಬಿ ಮಿತಿ ಇರುತ್ತದೆ, ಝೆರಾಕ್ಸ್ ಅಂಗಡಿಗೆ ಧಾರಾಳ ಆಯಿತು.

ಹಾಕಿಸುವ ಮುಂಚೆ ಅಂಗಡಿಯ ಮಾಳಿಗೆ ಮೇಲೆ ಮಗನ 5ಜಿ ಫೋನ್ ಹಿಡಿದು ಸಿಗ್ನಲ್ ಹೇಗಿದೆ ನೋಡಿ. ಇನ್‌ಸ್ಟಾಲೇಶನ್ ಪುಕ್ಕಟೆ ಅಂತ ಆರು ತಿಂಗಳು, ವರ್ಷದ ದುಡ್ಡು ಒಟ್ಟಿಗೇ ಕೇಳುತ್ತಾರೆ. ಆ ಪುಕ್ಕಟೆಯ ಆಸೆಗೆ ಬಿದ್ದರೆ, ಮೂರನೇ ತಿಂಗಳು ಸ್ಪೀಡ್ ಬಿದ್ದಾಗ ಬಿಟ್ಟು ಹೋಗುವ ಹಾದಿ ಇರುವುದಿಲ್ಲ. ಇನ್‌ಸ್ಟಾಲೇಶನ್ ದುಡ್ಡು ಕೊಟ್ಟಾದರೂ ತಿಂಗಳ ಲೆಕ್ಕದಲ್ಲೇ ತೆಗೆದುಕೊಳ್ಳಿ, ಒಂದು ತಿಂಗಳು ಎರಡನ್ನೂ ಇಟ್ಟುಕೊಂಡು ನೋಡಿ. ಎಷ್ಟೋ ಸಲ ಬದಲಾಯಿಸಬೇಕಾಗಿಯೇ ಬರುವುದಿಲ್ಲ. ಮಾಳಿಗೆ ಮೇಲೆ ಡಬ್ಬಿ ಕೂರಿಸಿದ್ದು ಕಂಡರೆ ಕೇಬಲ್‌ನವರು ತಾವೇ ಬಂದು ‘ಅಣ್ಣಾರ, ನಿಮಗಂತ ಹಳೇ ರೇಟಿಗೇ ಕೊಡ್ತೀನ್ರೀ’ ಅನ್ನುತ್ತಾರೆ. ನಿಮಗಷ್ಟೇ ಕಮ್ಮಿ ಮಾಡಿದ್ದನ್ನು ಪಕ್ಕದ ಮೆಡಿಕಲ್ ಶಾಪಿನವರಿಗೆ ಹೇಳಬೇಡಿ ಅಂತಲೂ ಅನ್ನುತ್ತಾರೆ, ನೀವು ಖಂಡಿತ ಹೇಳಿ.

ದೂರು ಕೊಡುವ ದಾರಿಯೂ ಗೊತ್ತಿರಲಿ. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಣೆ ಮಾಡುವುದಿಲ್ಲ, ಅಲ್ಲಿಗೆ ಬರೆದು ಕಾಯುತ್ತಾ ಕೂರಬೇಡಿ. ಮೊಬೈಲ್ ಆದರೆ 198ಕ್ಕೆ ಕಾಲ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಹಾಕಿ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಟೆಲಿಕಾಂ ದೂರು ಅಲ್ಲಿ ನಡೆಯುವುದಿಲ್ಲ ಅಂತ ಕಂಪನಿಗಳು ವರ್ಷಾನುಗಟ್ಟಲೆ ವಾದ ಮಾಡುತ್ತಿದ್ದವು, ನಡೆಯುತ್ತದೆ ಅಂತ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿ ಮುಗಿಸಿದೆ. ಆದರೆ ‘ರೇಟ್ ಜಾಸ್ತಿ ಮಾಡಿದರು’ ಅನ್ನುವುದಕ್ಕೆ ಅಲ್ಲಿ ಕೇಸ್ ನಿಲ್ಲುವುದಿಲ್ಲ. ಹೇಳಿದ ಸ್ಪೀಡ್ ಕೊಡಲಿಲ್ಲ, ಹೇಳದೆ ದುಡ್ಡು ಕತ್ತರಿಸಿದರು, ಅಡ್ವಾನ್ಸ್ ವಾಪಸ್ ಕೊಡಲಿಲ್ಲ, ಇಂಥದ್ದಕ್ಕೆ ನಿಲ್ಲುತ್ತದೆ.